ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ತಾಲೂಕುಗಳ ಮತದ ತೂಕ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ವಿಷಯವಾಗಿ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಮ್ಮ ಭಾಗದ ಶಾಸನಗಳು, ಗುಡಿಗಳು, ಶರಣರ ನೆಲೆಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರಿದ್ದಾರೆ. ಆದ್ದರಿಂದ ನಾನು ಒಂದು ಅಂಕಿಯ ಇತಿಹಾಸವನ್ನು ಬರೆಯಲು ಆರಿಸಿಕೊಂಡೆ. ಆ ಅಂಕಿ 131. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಒಂದು ಮತಕ್ಕೆ ಇರುವ ಬೆಲೆ ಅದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕ್ಷೇತ್ರಗಳ ಶಾಸಕರ ಮತಗಳನ್ನು ಕೂಡಿಸಿದರೆ 524 ಆಗುತ್ತದೆ. ವಿಜಯಪುರ ಜಿಲ್ಲೆಯ ಎಂಟೂ ಶಾಸಕರದು ಸೇರಿ 1,048. ಈ ಬೆಲೆಯನ್ನು ಕಟ್ಟಲು ಬಳಸುವ ಜನಸಂಖ್ಯೆ 1976ರಲ್ಲಿ ಸಂವಿಧಾನದೊಳಗೆ ಬೀಗ ಹಾಕಿಸಿಕೊಂಡು ಕುಳಿತಿತು. ನಮ್ಮ ಶಾಲೆಯ ಮೊದಲ ಘಂಟೆ ಬಾರಿಸಿದ್ದೂ ಅದೇ ವರ್ಷ. ಈಗ ಆ ಬೀಗ ತೆಗೆಯುವ ಕಾಲ ಹತ್ತಿರ ಬಂದಿದೆ. ತೆಗೆಯಬೇಕೇ ಬೇಡವೇ ಎಂಬ ವಾದ ಎದ್ದಿರುವ ಈ ಹೊತ್ತಿನಲ್ಲಿ, ನಮ್ಮ ಊರಿನವರಿಗೂ ಹಳೆಯ ವಿದ್ಯಾರ್ಥಿಗಳಿಗೂ ಈ ಲೆಕ್ಕ ತಿಳಿದಿರಲಿ ಎಂಬುದು ನನ್ನ ಆಸೆ.

ಎಂಟನೇ ತರಗತಿಯ ಒಂದು ಪ್ರಶ್ನೆ

ನಾನು ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತೀರಿಕೊಂಡಾಗ ನಾವು ಎಂಟನೇ ತರಗತಿಯಲ್ಲಿದ್ದೆವು. ಉಪರಾಷ್ಟ್ರಪತಿಗಳಾಗಿದ್ದ ಬಿ. ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಜತ್ತಿಯವರು ಜಮಖಂಡಿ ತಾಲೂಕಿನ ಸಾವಳಗಿಯವರು. ಆಗ ಜಮಖಂಡಿ ನಮ್ಮ ಬಿಜಾಪುರ ಜಿಲ್ಲೆಯಲ್ಲಿಯೇ ಇತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಮೇಲೆ ಅತ್ತ ಹೋಯಿತು. ನಮ್ಮ ಜಿಲ್ಲೆಯವರೇ ದೇಶದ ಮೊದಲ ಪ್ರಜೆಯ ಕುರ್ಚಿಯಲ್ಲಿ ಕುಳಿತಿದ್ದಾರೆ ಎಂದು ಊರೆಲ್ಲ ಹೆಮ್ಮೆಪಟ್ಟಿತ್ತು.

ಆ ದಿನಗಳಲ್ಲಿ ನಮ್ಮ ಜೊತೆಯವನೊಬ್ಬ ತರಗತಿಯಲ್ಲಿ ಎದ್ದು ನಿಂತು ಕೇಳಿದ: "ಸರ್, ಜತ್ತಿ ಸಾಹೇಬ್ರಿಗೆ ಓಟು ಹಾಕಿದವ್ರು ಯಾರ್ರೀ?" ನಮ್ಮ ಗುರುಗಳು ನಕ್ಕು ಹೇಳಿದರು: "ನೀನೂ ಹಾಕಿಲ್ಲ, ನಾನೂ ಹಾಕಿಲ್ಲ, ನಮ್ಮ ಎಂ.ಎಲ್.ಎ. ಸಾಹೇಬ್ರೂ ಹಾಕಿಲ್ಲಪಾ."

ಆ ಮಾತು ನಿಜ. ಉಪರಾಷ್ಟ್ರಪತಿಯನ್ನು ಆರಿಸುವವರು ಸಂಸತ್ತಿನ ಎರಡೂ ಸದನಗಳ ಸದಸ್ಯರು ಮಾತ್ರ. 1974ರಲ್ಲಿ ಜತ್ತಿಯವರು 521 ಮತಗಳನ್ನು ಪಡೆದರು, ಎದುರಾಳಿ ಎನ್. ಇ. ಹೋರೊ ಅವರು 141 ಮತಗಳನ್ನು ಪಡೆದರು. ಅಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ. ರಾಷ್ಟ್ರಪತಿ ಚುನಾವಣೆಯ ರೀತಿ ಬೇರೆ. ಅಲ್ಲಿ ಲೋಕಸಭೆ ಮತ್ತು ರಾಜ್ಯಸಭೆಗೆ ಚುನಾಯಿತರಾದವರ ಜೊತೆಗೆ ಎಲ್ಲ ವಿಧಾನಸಭೆಗಳ ಚುನಾಯಿತ ಶಾಸಕರೂ ಮತ ಹಾಕುತ್ತಾರೆ. ಒಬ್ಬೊಬ್ಬ ಶಾಸಕರ ಮತಕ್ಕೆ ರಾಜ್ಯಕ್ಕೊಂದು ಬೆಲೆ ಇರುತ್ತದೆ.

ಮುಂದೆ ನಾನು ಶಿಕ್ಷಕನಾಗಿ ಈ ನಾಲ್ಕೂ ತಾಲೂಕುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಎಲ್ಲಿ ಹೋದರೂ ಮಕ್ಕಳ ಪ್ರಶ್ನೆ ಒಂದೇ: "ನಮ್ಮ ಎಂ.ಎಲ್.ಎ.ಗೆ 131 ಅಂದ್ರ, ಉತ್ತರ ಪ್ರದೇಶದವ್ರಿಗೆ 208 ಯಾಕ್ರೀ ಸರ್?" ಉತ್ತರವನ್ನು ಕಪ್ಪು ಹಲಗೆಯ ಮೇಲೆ ಮಾಡಿಯೇ ತೋರಿಸಬೇಕಾಗುತ್ತಿತ್ತು.

131 ಬಂದ ಬಗೆ

ಸಂವಿಧಾನದ 55ನೇ ವಿಧಿ ಈ ಲೆಕ್ಕವನ್ನು ಹೇಳಿಕೊಡುತ್ತದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಬೇಕು. ಬಂದ ಉತ್ತರದಲ್ಲಿ ಎಷ್ಟು ಸಾವಿರಗಳಿವೆಯೋ ಅಷ್ಟು ಮತ. ಉಳಿದದ್ದು 500ಕ್ಕಿಂತ ಕಡಿಮೆಯಿಲ್ಲದಿದ್ದರೆ ಇನ್ನೊಂದು ಸೇರಿಸಬೇಕು.

1971ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 2,92,99,014. ಆಗ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ಇದನ್ನು 224 ಶಾಸಕರಿಗೆ ಹಂಚಿದರೆ ಒಬ್ಬರ ಪಾಲಿಗೆ 1,30,799 ಜನ. ಸಾವಿರದ ಲೆಕ್ಕದಲ್ಲಿ 130, ಮಿಕ್ಕಿದ್ದು 799. ಅದು 500ಕ್ಕಿಂತ ಹೆಚ್ಚು, ಹಾಗಾಗಿ 131. ಇಡೀ ರಾಜ್ಯದ ಶಾಸಕರದು ಸೇರಿ 29,344. ಇದೇ ಲೆಕ್ಕದಂತೆ ತಮಿಳುನಾಡಿನ ಶಾಸಕರ ಮತಕ್ಕೆ 176, ಮಹಾರಾಷ್ಟ್ರದವರಿಗೆ 175, ಕೇರಳದವರಿಗೆ 152, ಸಿಕ್ಕಿಂನವರಿಗೆ 7.

ಸಂಸದರ ಬೆಲೆ ಇದರಿಂದಲೇ ಹುಟ್ಟುತ್ತದೆ. ದೇಶದ ಎಲ್ಲ ಶಾಸಕರ ಮತಗಳ ಮೊತ್ತವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸುತ್ತಾರೆ. 2022ರಲ್ಲಿ ಶಾಸಕರ ಒಟ್ಟು ಮೌಲ್ಯ 5,43,231 ಇತ್ತು. 776 ಸಂಸದರಿಗೆ ಹಂಚಿದಾಗ ಒಬ್ಬರಿಗೆ 700 ಬಂತು. ಹೀಗೆ ತಕ್ಕಡಿಯ ಒಂದು ತಟ್ಟೆಯಲ್ಲಿ ರಾಜ್ಯಗಳು, ಇನ್ನೊಂದರಲ್ಲಿ ಸಂಸತ್ತು, ಎರಡೂ ಸಮ.

ಇಲ್ಲಿ ಅನೇಕರು ತಪ್ಪು ತಿಳಿಯುವ ಒಂದು ಮಾತಿದೆ. ಶಾಸಕರ ಸಂಖ್ಯೆ ಹೆಚ್ಚಾದರೆ ರಾಜ್ಯದ ಬಲ ಹೆಚ್ಚಾಗುವುದಿಲ್ಲ. ಅದೇ ರೊಟ್ಟಿಯನ್ನು ಹೆಚ್ಚು ತುಂಡು ಮಾಡಿದಂತೆ, ಅಷ್ಟೇ. ಅವಿಭಜಿತ ಆಂಧ್ರ ಪ್ರದೇಶದಲ್ಲಿ 294 ಶಾಸಕರಿಗೆ ತಲಾ 148ರಂತೆ 43,512 ಮತಗಳಿದ್ದವು. 2014ರಲ್ಲಿ ರಾಜ್ಯ ಎರಡಾಯಿತು. ಆಂಧ್ರದ 175 ಶಾಸಕರಿಗೆ 159ರಂತೆ 27,825, ತೆಲಂಗಾಣದ 119 ಶಾಸಕರಿಗೆ 132ರಂತೆ 15,708. ಎರಡನ್ನೂ ಕೂಡಿಸಿದರೆ 43,533. ವ್ಯತ್ಯಾಸ ಬರೀ 21. ಶಾಸಕರು ಎಷ್ಟೇ ಇರಲಿ, ಮತದ ಹಿಂದೆ ನಿಂತವರು ಜನ.

ಹಿರಿಯರು ಈ ದಾರಿ ಹಿಡಿದದ್ದೇಕೆ?

ಜನರೇ ನೇರವಾಗಿ ರಾಷ್ಟ್ರಪತಿಯನ್ನು ಆರಿಸಲಿ ಎಂದು ಸಂವಿಧಾನ ರಚನಾ ಸಭೆಯಲ್ಲಿ ಪಟ್ಟುಹಿಡಿದವರಲ್ಲಿ ಪ್ರೊ. ಕೆ. ಟಿ. ಷಾ ಪ್ರಮುಖರು. ನೆಹರೂ ಅವರ ವಾದ ಬೇರೆಯಾಗಿತ್ತು. ನಿಜವಾದ ಅಧಿಕಾರ ಮಂತ್ರಿಮಂಡಲದ ಕೈಯಲ್ಲಿರುವಾಗ ಇಡೀ ದೇಶದ ಜನರಿಂದ ಒಬ್ಬರನ್ನು ಆರಿಸಿ, ಅವರಿಗೆ ಅಧಿಕಾರ ಕೊಡದೆ ಕೂಡಿಸುವುದು ಹೊಂದಿಕೆಯಾಗದು ಎಂಬುದು ಅವರ ನಿಲುವು. ಸಂಸತ್ತು ಮಾತ್ರ ಆರಿಸಿದರೆ ಆಳುವ ಪಕ್ಷದವರೇ ರಾಷ್ಟ್ರಪತಿಯಾಗುತ್ತಾರೆ, ಆದ್ದರಿಂದ ರಾಜ್ಯಗಳ ಶಾಸಕರೂ ಇರಲಿ ಎಂದಾಯಿತು. ಸಭೆ ಈ ನಡುದಾರಿಯನ್ನು ಒಪ್ಪಿತು. 1952ರ ಮೊದಲ ಚುನಾವಣೆಯಲ್ಲಿ ಅದೇ ಕೆ. ಟಿ. ಷಾ ಅವರು ಬಾಬು ರಾಜೇಂದ್ರ ಪ್ರಸಾದರ ವಿರುದ್ಧ ನಿಂತರು. ಪ್ರಸಾದರಿಗೆ 5,07,400, ಷಾ ಅವರಿಗೆ 92,827 ಮತ ಬಂದವು.

ಆ ಚುನಾವಣೆಯಲ್ಲಿ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದ ಭಾಗವಾಗಿತ್ತು. ನಮ್ಮ ಶಾಸಕರ ಮತ ಮುಂಬಯಿಯ ಲೆಕ್ಕಕ್ಕೆ ಸೇರಿತ್ತು. ಏಕೀಕರಣವಾದ ಮೇಲೆ, 1957ರಲ್ಲಿ, ಅದು ಮೈಸೂರು ರಾಜ್ಯದ ಲೆಕ್ಕಕ್ಕೆ ಬಂತು. ನೆಲ ಬದಲಾಗಲಿಲ್ಲ, ಜನ ಬದಲಾಗಲಿಲ್ಲ, ಮತವನ್ನು ಎಣಿಸುವ ಮನೆ ಬದಲಾಯಿತು.

ಅಮೆರಿಕದ ಜಗಳ ಬೇರೆ, ನಮ್ಮದು ಬೇರೆ

ಅಮೆರಿಕದಲ್ಲಿಯೂ ಅಧ್ಯಕ್ಷರನ್ನು ಆರಿಸಲು ಮತದಾರ ಮಂಡಳಿ ಇದೆ. ಅದರಲ್ಲಿ ಒಟ್ಟು 538 ಮತಗಳು. ಆದರೆ ಅಲ್ಲಿ 48 ರಾಜ್ಯಗಳಲ್ಲಿ ಹೆಚ್ಚು ಮತ ಪಡೆದವರಿಗೆ ಆ ರಾಜ್ಯದ ಎಲ್ಲ ಮತಗಳೂ ಸಲ್ಲುತ್ತವೆ. 2000ದಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಕೇವಲ 537 ಮತಗಳ ಅಂತರ ಇಡೀ ದೇಶದ ಅಧ್ಯಕ್ಷರನ್ನು ನಿರ್ಧರಿಸಿತು. ಆ ವರ್ಷವೂ 2016ರಲ್ಲಿಯೂ ದೇಶದಲ್ಲಿ ಕಡಿಮೆ ಜನರ ಮತ ಪಡೆದವರೇ ಅಧ್ಯಕ್ಷರಾದರು. ಮೇಯ್ನ್ ರಾಜ್ಯ 1972ರಿಂದ, ನೆಬ್ರಾಸ್ಕ 1992ರಿಂದ ಮತಗಳನ್ನು ಜಿಲ್ಲಾವಾರು ಹಂಚುತ್ತಿವೆ. ಉಳಿದವರೂ ಹಾಗೆಯೇ ಹಂಚಬೇಕೇ, ಇಲ್ಲವೇ ನೆಬ್ರಾಸ್ಕವೇ ಹಳೆಯ ಪದ್ಧತಿಗೆ ಮರಳಬೇಕೇ ಎಂಬ ಜಗಳ ಅಲ್ಲಿ ಪ್ರತಿ ಚುನಾವಣೆಗೂ ಏಳುತ್ತದೆ. ಯಾವ ಪಕ್ಷಕ್ಕೆ ಯಾವ ಪದ್ಧತಿ ಲಾಭವೋ ಆ ಪಕ್ಷ ಅದನ್ನೇ ನ್ಯಾಯವೆನ್ನುತ್ತದೆ.

ನಮ್ಮಲ್ಲಿ ರಾಜ್ಯ ಇಡಿಯಾಗಿ ಮತ ಹಾಕುವುದಿಲ್ಲ. ಬೆಂಗಳೂರಿನ ವಿಧಾನಸೌಧದಲ್ಲಿ ಒಬ್ಬೊಬ್ಬ ಶಾಸಕರೂ ಗುಲಾಬಿ ಬಣ್ಣದ ಮತಪತ್ರದಲ್ಲಿ ಗುಟ್ಟಾಗಿ ಮತ ಬರೆಯುತ್ತಾರೆ. ಸಂಸದರದು ಹಸಿರು ಮತಪತ್ರ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಪಕ್ಷದ ವಿಪ್ ಇಲ್ಲಿ ನಡೆಯುವುದಿಲ್ಲ.

ಇದರ ಬಲ ತಿಳಿಯಲು 1969ನ್ನು ನೆನೆಯಬೇಕು. ಆಗ ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಬೆಂಗಳೂರಿನಲ್ಲಿ ನಡೆದ ಸಭೆಯಲ್ಲಿ ನೀಲಂ ಸಂಜೀವ ರೆಡ್ಡಿಯವರನ್ನು ಪಕ್ಷದ ಅಭ್ಯರ್ಥಿಯಾಗಿ ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯಂತೆ ಮತ ಹಾಕಿರೆಂದು ಕರೆ ಕೊಟ್ಟರು. ಮೊದಲ ಎಣಿಕೆಯಲ್ಲಿ ವಿ. ವಿ. ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ. ಡಿ. ದೇಶಮುಖರಿಗೆ 1,12,769. ಗೆಲ್ಲಲು 4,18,169 ಬೇಕಿತ್ತು. ಯಾರಿಗೂ ಅಷ್ಟು ಸಿಗಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿಯವರು 4,20,077 ಪಡೆದು ಗೆದ್ದರು, ರೆಡ್ಡಿಯವರು 4,05,427ಕ್ಕೆ ನಿಂತರು. ದೇಶದ ದೊಡ್ಡ ಪಕ್ಷವೇ ಅದೇ ವರ್ಷ ಒಡೆಯಿತು. ರಾಜ್ಯಕ್ಕೆ ರಾಜ್ಯವೇ ಒಬ್ಬರ ಪಾಲಾಗುವ ಪದ್ಧತಿ ಇದ್ದಿದ್ದರೆ ಆ ಫಲಿತಾಂಶ ಏನಾಗುತ್ತಿತ್ತೋ.

ಹೀಗಾಗಿ ರಾಜ್ಯದ ಮತಗಳನ್ನು ಯಾರಿಗೆ ಹೇಗೆ ಹಂಚಬೇಕೆಂಬ ತಕರಾರು ನಮ್ಮಲ್ಲಿಲ್ಲ. ನಮ್ಮ ತಕರಾರು ರಾಜ್ಯದ ಮತಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದು.

ಜತ್ತಿಯವರ ಮುಂದೆ ಬಂದ ಕಾಗದ

ಈ ತೂಕ ಎಷ್ಟು ಮಹತ್ವದ್ದು ಎಂಬುದಕ್ಕೆ ನಮ್ಮ ಜತ್ತಿಯವರೇ ಸಾಕ್ಷಿ. 1977ರ ಮಾರ್ಚ್‌ನಲ್ಲಿ ಜನತಾ ಪಕ್ಷ ಲೋಕಸಭೆಯನ್ನು ಗೆದ್ದಿತು. ಆದರೆ ಅನೇಕ ವಿಧಾನಸಭೆಗಳಲ್ಲಿ ಕಾಂಗ್ರೆಸ್ಸಿನ ಬಹುಮತವಿತ್ತು. ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉತ್ತರ ಪ್ರದೇಶ, ಬಿಹಾರ, ಮಧ್ಯ ಪ್ರದೇಶ, ರಾಜಸ್ಥಾನ ಸೇರಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಜನಾದೇಶ ಕಳೆದುಕೊಂಡವರು ಮುಂದುವರಿಯಬಾರದು ಎಂಬುದು ಸರ್ಕಾರದ ಮಾತು. ಮುಂದೆ ಬರಲಿದ್ದ ರಾಷ್ಟ್ರಪತಿ ಚುನಾವಣೆಯ ಲೆಕ್ಕವೂ ಇದರ ಹಿಂದಿದೆ ಎಂಬ ಮಾತು ಆಗ ಕೇಳಿಬಂದಿತ್ತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಅಲ್ಲಿ ಅವುಗಳ ದಾವೆ ವಜಾ ಆಯಿತು.

ವಿಸರ್ಜನೆಯ ಕಾಗದಕ್ಕೆ ಸಹಿ ಮಾಡಬೇಕಾದವರು ಹಂಗಾಮಿ ರಾಷ್ಟ್ರಪತಿ ಜತ್ತಿಯವರು. ಅವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೆದ್ದಿತು. ಕೊನೆಗೆ ಏಪ್ರಿಲ್ 30ರಂದು ಸಹಿ ಮಾಡಿದರು. ಅವರು ತಡೆದದ್ದು ಸರಿಯೇ, ಸಹಿ ಮಾಡಿದ್ದು ಸರಿಯೇ ಎಂದು ನಮ್ಮ ಕಟ್ಟೆಯ ಮೇಲೆ ಹಿರಿಯರು ವಾದ ಮಾಡುತ್ತಿದ್ದುದು ನನಗೆ ನೆನಪಿದೆ. ಜೂನ್‌ನಲ್ಲಿ ಹೊಸ ವಿಧಾನಸಭೆಗಳು ಬಂದವು. ಜುಲೈನಲ್ಲಿ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಅಷ್ಟೆಲ್ಲ ಲೆಕ್ಕ ಹಾಕಿದ ಮತಗಳನ್ನು ಆ ಸಲ ಎಣಿಸುವ ಪ್ರಸಂಗವೇ ಬರಲಿಲ್ಲ.

ಬೀಗ ಹಾಕಿದ ಅಂಕಿ

ಪ್ರತಿ ಜನಗಣತಿಯ ನಂತರ ಹೊಸ ಜನಸಂಖ್ಯೆಯಂತೆ ಮತದ ಬೆಲೆ ಬದಲಾಗಬೇಕೆಂಬುದು ಮೂಲ ಸಂವಿಧಾನದ ಉದ್ದೇಶ. 1976ರ 42ನೇ ತಿದ್ದುಪಡಿ ಅದನ್ನು ತಡೆಯಿತು. 2000ದ ನಂತರದ ಜನಗಣತಿಯವರೆಗೆ 1971ರ ಅಂಕಿಯೇ ಇರಲಿ ಎಂದಿತು. ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯಗಳಿಗೆ ಅದರಿಂದಲೇ ನಷ್ಟವಾಗಬಾರದು ಎಂಬುದು ಕಾರಣ. ಗಡುವು ಮುಗಿಯುವ ಹೊತ್ತಿಗೆ 84ನೇ ತಿದ್ದುಪಡಿ ಬಂದು, 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಅದನ್ನು ಮುಂದೂಡಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಂತೆ ಮುಂದಿನ ಜನಗಣತಿಯ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ಸಂವಿಧಾನವನ್ನು ಮತ್ತೆ ತಿದ್ದದಿದ್ದರೆ ಅದರ ಅಂಕಿ ಬಂದ ಮೇಲೆ 131 ಉಳಿಯುವುದಿಲ್ಲ.

ಬದಲಾಗಬೇಕು ಎನ್ನುವವರ ವಾದವನ್ನು ಮೊದಲು ಕೇಳೋಣ. 2011ರಲ್ಲಿ ರಾಜಸ್ಥಾನದ ಜನಸಂಖ್ಯೆ 6.85 ಕೋಟಿ, ಶಾಸಕರು 200. ಕರ್ನಾಟಕದ್ದು 6.11 ಕೋಟಿ, ಶಾಸಕರು 224. ಒಬ್ಬೊಬ್ಬ ಶಾಸಕರ ಹಿಂದೆ ಅಲ್ಲಿ ಹೆಚ್ಚು ಜನರಿದ್ದಾರೆ. ಆದರೂ ಅವರ ಮತಕ್ಕೆ 129, ನಮ್ಮವರಿಗೆ 131. ಮಧ್ಯ ಪ್ರದೇಶದವರಿಗೂ ನಮ್ಮಷ್ಟೇ, 131. 2011ರ ಅಂಕಿಯಿಂದ ಲೆಕ್ಕ ಮಾಡಿದರೆ ನಮಗೆ 273, ಮಧ್ಯ ಪ್ರದೇಶಕ್ಕೆ 316, ರಾಜಸ್ಥಾನಕ್ಕೆ 343 ಬರುತ್ತದೆ. ಬಾರ್ಮೇರಿನ ರೈತ ಇಂಡಿಯ ರೈತನಿಗಿಂತ ಏಕೆ ಹಗುರಾಗಬೇಕು ಎಂದು ಅವರು ಕೇಳಿದರೆ ನಮ್ಮಲ್ಲಿ ಸುಲಭದ ಉತ್ತರವಿಲ್ಲ.

ಬದಲಾಗಬಾರದು ಎನ್ನುವವರ ವಾದವೂ ಹಗುರಲ್ಲ. ಸರ್ಕಾರ ಹೇಳಿದಂತೆ ಚಿಕ್ಕ ಕುಟುಂಬ ಮಾಡಿಕೊಂಡವರು, ಹೆಣ್ಣುಮಕ್ಕಳನ್ನು ಓದಿಸಿದವರು, ಆಸ್ಪತ್ರೆ ಕಟ್ಟಿದವರು ಅದೇ ಕಾರಣಕ್ಕೆ ದೆಹಲಿಯಲ್ಲಿ ಬಲ ಕಳೆದುಕೊಳ್ಳುವುದು ಯಾವ ನ್ಯಾಯ? ಎಲ್ಲ ರಾಜ್ಯಗಳ ಶಾಸಕರ ಮತಗಳಲ್ಲಿ ಕೇರಳದ ಪಾಲು ಈಗ ನೂರಕ್ಕೆ ಸುಮಾರು 3.9. 2011ರ ಲೆಕ್ಕದಲ್ಲಿ ಅದು 2.8ಕ್ಕೆ ಇಳಿಯುತ್ತದೆ. ತಮಿಳುನಾಡಿನದು 7.5ರಿಂದ 6ಕ್ಕೆ ಬರುತ್ತದೆ. ಉತ್ತರ ಪ್ರದೇಶದ್ದು 15.3ರಿಂದ 16.5ಕ್ಕೆ ಏರುತ್ತದೆ.

ಹಾಗಾದರೆ ಕರ್ನಾಟಕ? ನಮ್ಮ ಪಾಲು ಸುಮಾರು 5.3ರಿಂದ 5.1ಕ್ಕೆ ಬರುತ್ತದೆ. ಇಳಿಕೆ ಇದೆ, ಆದರೆ ಜನ ಹೆದರುವಷ್ಟಿಲ್ಲ. ಕೇರಳದ ಶಾಸಕರ ಮತ ಇಂದು ನಮ್ಮದಕ್ಕಿಂತ ಭಾರ, 152. ಹೊಸ ಲೆಕ್ಕದಲ್ಲಿ ಅವರದು 239, ನಮ್ಮದು 273. ದಕ್ಷಿಣದವರೆಲ್ಲರಿಗೂ ಒಂದೇ ನಷ್ಟ ಎಂಬುದು ಪೂರ್ತಿ ನಿಜವಲ್ಲ. ಲೋಕಸಭೆಯ ಸ್ಥಾನಗಳ ಮರುಹಂಚಿಕೆ ಬೇರೆಯದೇ ದೊಡ್ಡ ಪ್ರಶ್ನೆ, ಎರಡನ್ನೂ ಕಲಸಿ ಮಾತನಾಡಿದರೆ ದಾರಿ ತಪ್ಪುತ್ತೇವೆ.

ನನ್ನ ಅಭಿಪ್ರಾಯ ಕೇಳುವುದಾದರೆ, ಐವತ್ತು ವರ್ಷದ ಹಿಂದಿನ ಜನರನ್ನು ಎಣಿಸಿ ಇಂದಿನ ರಾಷ್ಟ್ರಪತಿಯನ್ನು ಆರಿಸುವುದು ಸಲ್ಲದು. 1971ರಲ್ಲಿ ಎಣಿಸಿಕೊಂಡ ನನ್ನ ತಂದೆ ತಾಯಿ ಇಂದಿಲ್ಲ. ನನ್ನ ಮೊಮ್ಮಕ್ಕಳು ಆ ಲೆಕ್ಕದಲ್ಲಿಲ್ಲ. ಆದರೆ ಜನಸಂಖ್ಯೆ ತಡೆದ ರಾಜ್ಯಗಳಿಗೆ 1976ರಲ್ಲಿ ಕೊಟ್ಟ ಮಾತನ್ನು ಮರೆತು ರಾತ್ರೋರಾತ್ರಿ ಬದಲಿಸುವುದೂ ಸಲ್ಲದು. ಎರಡು ಮೂರು ಹಂತಗಳಲ್ಲಿ ಬದಲಿಸಬಹುದು, ರಾಜ್ಯಗಳನ್ನು ಕೂಡಿಸಿ ಮಾತನಾಡಬಹುದು. ಒಪ್ಪದವರು ಇರಬಹುದು. ಅವರೂ ಅಂಕಿ ಮುಂದಿಟ್ಟುಕೊಂಡು ವಾದಿಸಲಿ.

ಎಣಿಕೆಗೆ ಸಿಗೋಣ

ಕೊನೆಗೆ ನಮ್ಮ ಊರಿನವರಿಗೆ ಒಂದು ಮಾತು. ಜನಗಣತಿ ನಡೆಯುವ ಫೆಬ್ರವರಿ ತಿಂಗಳು ನಮ್ಮ ತಾಲೂಕುಗಳಲ್ಲಿ ಗುಳೆ ಹೋಗುವ ಕಾಲ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋದ ಮನೆಗಳಿಗೆ ಕೀಲಿ ಬಿದ್ದಿರುತ್ತದೆ. ಆಗ ಆ ಮನೆಯವರು ಬೇರೆ ರಾಜ್ಯದ ಲೆಕ್ಕದಲ್ಲಿ ಸೇರಬಹುದು, ಯಾವ ಲೆಕ್ಕದಲ್ಲಿಯೂ ಸೇರದೆ ಉಳಿಯಲೂಬಹುದು. ನಮ್ಮ ಶಾಸಕರ ಮತದ ಬೆಲೆ ಒಂದು ಅಂಕಿ ಏರಬೇಕಾದರೆ ರಾಜ್ಯದಲ್ಲಿ 2,24,000 ಜನ ಹೆಚ್ಚಬೇಕು. ಒಂದು ಮನೆಯಿಂದ ಏನಾದೀತು ಎನ್ನಬಹುದು. ಆದರೆ 2,24,000 ಎಂಬುದೂ ಒಂದೊಂದು ಮನೆ ಸೇರಿಯೇ ಆಗುವುದು. ಪಡಿತರಕ್ಕೂ ಶಾಲೆಯ ಕೊಠಡಿಗೂ ಇದೇ ಎಣಿಕೆ ಬೇಕಾಗುತ್ತದೆ. ಎಲ್ಲಿಯೇ ಇರಲಿ, ಎಣಿಸಲು ಬಂದವರಿಗೆ ಮನೆಯ ಎಲ್ಲರ ಹೆಸರು ಹೇಳಿ.

ಹೊಸ ಅಂಕಿ ಪ್ರಕಟವಾದ ದಿನ ನಮ್ಮ ಶಾಲೆಯ ಹತ್ತನೇ ತರಗತಿಯ ಮಕ್ಕಳು ಹಲಗೆಯ ಮೇಲೆ ಈ ಭಾಗಾಕಾರವನ್ನು ತಾವೇ ಮಾಡಲಿ. ರಾಜ್ಯದ ಜನಸಂಖ್ಯೆ ಬರೆಯಲಿ, ಶಾಸಕರ ಸಂಖ್ಯೆಯಿಂದ ಭಾಗಿಸಲಿ, ಸಾವಿರ ಎಣಿಸಲಿ, ಶೇಷ ನೋಡಲಿ. ಮೊದಲ ತಂಡದ ನಮಗೆ ನಮ್ಮ ಗುರುಗಳು ಹೇಳಿಕೊಟ್ಟದ್ದು ಇಷ್ಟೇ.